ವಿಳಾಸ ಕೊಡದ ಮನೆಗೆ

ಹುಬ್ಬಳ್ಳಿ-ಧಾರವಾಡದಲ್ಲಿ ದಾನಿಗಳ ಹೆಸರಿಲ್ಲದ ಮಠವನ್ನಾಗಲಿ ಗುಡಿಯನ್ನಾಗಲಿ ಹುಡುಕುವುದು ಕಷ್ಟ. ಮೆಟ್ಟಿಲ ಕಲ್ಲಿನ ಮೇಲೆ, ಗೋಡೆ ಗಡಿಯಾರದ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ, ಕುಡಿಯುವ ನೀರಿನ ತೊಟ್ಟಿಯ ಮೇಲೆ, ಎಲ್ಲೆಡೆ ಇಂಥವರ ಸ್ಮರಣಾರ್ಥ ಇಂಥವರ ಸೇವೆ ಎಂದು ಬರೆದಿರುತ್ತದೆ. ನಮ್ಮ ಸೀಮೆಯ ಜನ ಕೊಡುವುದರಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಸಿದ್ಧಾರೂಢ ಮಠದ ದಾಸೋಹ, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳ ಸಂಗೀತ ಪಾಠ, ಧಾರವಾಡದ ಮುರುಘಾಮಠದಲ್ಲಿ ಉಂಡು ಓದಿದ ಹಳ್ಳಿಯ ಹುಡುಗರ ವಿದ್ಯೆ, ಇವೆಲ್ಲ ಸಾಮಾನ್ಯ ಮನೆತನಗಳು ಕೊಟ್ಟ ಜೋಳದ ಚೀಲಗಳಿಂದ, ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟ ನೋಟುಗಳಿಂದ ನಡೆದುಬಂದವು.

ಹೆಸರು ಬರೆಸುವುದನ್ನು ನಾನು ಹಳಿಯುವುದಿಲ್ಲ. ಕೊಟ್ಟ ಫ್ಯಾನು ಕಣ್ಣೆದುರಿಗೆ ತಿರುಗುತ್ತಿದ್ದರೆ ಕೊಟ್ಟವರಿಗೂ ನೆಮ್ಮದಿ, ತೆಗೆದುಕೊಂಡವರ ಮೇಲೂ ಒಂದು ಹಂಗು. ಆದರೆ ಸಂಕಷ್ಟದಲ್ಲಿರುವ ಹೆಣ್ಣುಮಕ್ಕಳಿಗೆ ಆಸರೆಯಾಗುವ ಸಂಸ್ಥೆಗೆ ಕೊಡಬೇಕೆಂದು ಹೊರಟರೆ ಈ ರೂಢಿ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಕಣ್ಣಿಗೆ ಕಾಣಿಸುವಂತೆ ಏನನ್ನೂ ಇಡಲಾಗದು. ಕೆಲವೊಮ್ಮೆ ಮನೆ ಎಲ್ಲಿದೆ ಎಂದೂ ಹೇಳಲಾಗದು. ಹಾಗಾದರೆ ಕೊಡುವವರು ಏನನ್ನು ನೋಡಿ ನಂಬಬೇಕು? ಕಳೆದ ವರ್ಷವೆಲ್ಲ ನನ್ನ ತಲೆಯಲ್ಲಿದ್ದದ್ದು ಈ ಪ್ರಶ್ನೆ.

ನಾನು ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿ ನಿವೃತ್ತಳಾದವಳು. ಸೇವೆಯ ಬಹುಪಾಲು ಹಳೇ ಹುಬ್ಬಳ್ಳಿಯಲ್ಲಿ ಕಳೆಯಿತು, ಈಗ ಧಾರವಾಡದಲ್ಲಿದ್ದೇನೆ. ಅವ್ವ ತೀರಿಕೊಂಡ ಮೇಲೆ ನವಲಗುಂದದ ಕಡೆಯ ಅವಳ ಪಾಲಿನ ಹೊಲ ಮಾರಿ ಬಂದ ಹಣದಲ್ಲಿ ಒಂದಿಷ್ಟನ್ನು ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯನ್ನು ವರ್ಷ ವರ್ಷ ಅವಳ ಹೆಸರಿನಲ್ಲಿ ಕೊಡೋಣವೆಂದು ಅಕ್ಕ ಮತ್ತು ನಾನು ಮಾತಾಡಿಕೊಂಡೆವು. ಗದಗಿನಲ್ಲಿರುವ ಅಕ್ಕನಿಗೆ ಅನ್ನದಾನ ಆಗಬೇಕು. "ಹಸಿದವರ ಹೊಟ್ಟೆ ತುಂಬಿದ್ದು ಕಣ್ಣಿಗೆ ಕಾಣುತ್ತದೆ, ನೀನು ಹೇಳುವುದರಲ್ಲಿ ಏನು ಕಾಣುತ್ತದೆ?" ಎಂದು ಅವಳು ಕೇಳಿದಳು. ಅದು ನ್ಯಾಯವಾದ ಪ್ರಶ್ನೆಯೇ.

ನನ್ನ ಆಸೆಗೆ ಕಾರಣ ಶಾಲೆ. ವರ್ಷದ ನಡುವೆ ಬರುವ ಮಕ್ಕಳನ್ನು ಕಂಡ ಶಿಕ್ಷಕರಿಗೆ ನಾನು ಹೇಳುವುದು ಅರ್ಥವಾದೀತು. ದಸರೆಯ ರಜೆ ಮುಗಿದ ಮೇಲೆಯೋ ಸಂಕ್ರಾಂತಿಯ ಹೊತ್ತಿಗೋ ಒಬ್ಬ ತಾಯಿ ಮಗುವಿನ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ಟಿಸಿ ಇಲ್ಲ, ಆಧಾರ್ ಇಲ್ಲ, ಜನನ ಪ್ರಮಾಣಪತ್ರ ಇಲ್ಲ. "ಎಲ್ಲ ಮನೆಯಲ್ಲೇ ಉಳಿದವು, ಅಕ್ಕೋರೇ" ಎನ್ನುತ್ತಾಳೆ. ಎಲ್ಲ ಬಿಟ್ಟು ಉಟ್ಟ ಬಟ್ಟೆಯಲ್ಲಿ ಹೊರಟು ಬಂದವಳು ಎಂದು ತಿಳಿಯಲು ಅಷ್ಟೇ ಸಾಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ತಡವಾಯಿತೆಂದು, ವಯಸ್ಸಿನ ದಾಖಲೆ ಇಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಹಾಗಾಗಿ ಸೇರಿಸಿಕೊಳ್ಳುತ್ತಿದ್ದೆವು. ಆದರೆ ಅದರ ಹಿಂದೆಯೇ ಇನ್ನೊಂದು ಸಂಕಟ. ಹಳೆಯ ಶಾಲೆಗೆ ಟಿಸಿ ಕೇಳಿ ಪತ್ರ ಹೋದರೆ, ಮಗು ಈಗ ಯಾವ ಊರಿನ ಯಾವ ಶಾಲೆಯಲ್ಲಿದೆ ಎಂಬುದು ಅದೇ ಊರಿನಲ್ಲಿರುವ ತಂದೆಗೆ ತಲುಪಲು ಎಷ್ಟು ಹೊತ್ತು? ಆ ತಾಯಿ ಹೆದರುತ್ತಿದ್ದದ್ದು ಇದಕ್ಕೇ. ಯಾರಾದರೂ ಬಂದು ಕೇಳಿದರೆ ಮಗು ಇಲ್ಲಿಲ್ಲ ಎಂದು ಹೇಳಿ ಎಂದು ಕೈ ಮುಗಿದು ಹೋದವರಿದ್ದರು.

ಕೆಲವು ಮಕ್ಕಳು ಬಂದಷ್ಟೇ ಬೇಗ ಮಾಯವಾಗುತ್ತಿದ್ದವು. ಹಿರಿಯರು ಕೂಡಿ ಪಂಚಾಯಿತಿ ಮಾಡಿ ತಾಯಿಯನ್ನು ಗಂಡನ ಮನೆಗೆ ಕಳಿಸಿದರಂತೆ ಎಂದು ಆಮೇಲೆ ಗೊತ್ತಾಗುತ್ತಿತ್ತು. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ಸ್ಟಾಫ್ ರೂಮಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಆ ಹೆಸರುಗಳ ಮುಂದೆ ಖಾಲಿ ಮನೆಗಳನ್ನು ಬಿಡುತ್ತಾ ಹೋದ ನನಗೆ ಆ ಗಾದೆಯಲ್ಲಿ ನಂಬಿಕೆ ಇಲ್ಲ.

ಇದು ನಾನೊಬ್ಬಳು ಕಂಡ ಕೆಲವು ಮನೆಗಳ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ. 44.4ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಹಿಂಸೆಯೇ ಎರಡು ಪಟ್ಟಾಯಿತೋ, ಬಾಯಿಬಿಟ್ಟು ಹೇಳುವವರು ಹೆಚ್ಚಾದರೋ ಎಂಬುದನ್ನು ಅಂಕಿಯೊಂದೇ ಹೇಳಲಾರದು. ನನ್ನನ್ನು ಹೆಚ್ಚು ಕಾಡಿದ್ದು ಅದೇ ಸಮೀಕ್ಷೆಯ ಇನ್ನೊಂದು ಅಂಕಿ: ದೇಶದಲ್ಲಿ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ನೆರವು ಕೇಳಿದವರು ಶೇ. 14 ಮಾತ್ರ, ಶೇ. 77ರಷ್ಟು ಜನ ನೆರವು ಕೇಳುವುದಿರಲಿ, ಯಾರಿಗೂ ಹೇಳಿಯೂ ಇರಲಿಲ್ಲ. ಕೇಳಿದವರು ಕೂಡ ಮೊದಲು ಹೋಗುವುದು ತವರಿಗೆ. ಪೊಲೀಸರ ಬಳಿಗೋ ಸಂಸ್ಥೆಗಳ ಬಳಿಗೋ ಹೋಗುವವರು ತೀರ ಕಡಿಮೆ. ಅಂದರೆ ಸಂಸ್ಥೆಯ ಬಾಗಿಲಿಗೆ ಬಂದು ನಿಲ್ಲುವವಳು ಅದಕ್ಕೂ ಮೊದಲು ಹಲವು ಬಾಗಿಲು ತಟ್ಟಿದವಳು. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂದು ತವರಿನಲ್ಲಿಯೇ ಕೇಳಿಸಿಕೊಂಡವಳು.

ಅಕ್ಕನ ಎರಡನೆಯ ಪ್ರಶ್ನೆ: ಇದನ್ನೆಲ್ಲ ಸರಕಾರ ಮಾಡುತ್ತದಲ್ಲ, ನಮ್ಮ ಹಣ ಏಕೆ? ಸರಕಾರ ಮಾಡುತ್ತದೆ, ನಿಜ. 181ಕ್ಕೆ ಕರೆ ಮಾಡಿದರೆ ಮಹಿಳಾ ಸಹಾಯವಾಣಿ ಸಿಗುತ್ತದೆ, ತುರ್ತಿಗೆ 112 ಇದೆ. 2015ರಿಂದ ಜಿಲ್ಲೆಗಳಲ್ಲಿ ಸಖಿ ಒನ್ ಸ್ಟಾಪ್ ಸೆಂಟರ್‌ಗಳು ಬಂದಿವೆ. ಚಿಕಿತ್ಸೆ, ಪೊಲೀಸ್ ದೂರು, ವಕೀಲರು, ಆಪ್ತಸಮಾಲೋಚನೆ ಎಲ್ಲವೂ ಒಂದೇ ಕಡೆ ಸಿಗಲಿ ಎಂಬುದು ಅವುಗಳ ಉದ್ದೇಶ. ನಮ್ಮ ರಾಜ್ಯದಲ್ಲಿ ಅವಕ್ಕಿಂತ ಮೊದಲೇ ಸಾಂತ್ವನ ಕೇಂದ್ರಗಳಿದ್ದವು. ಹುಬ್ಬಳ್ಳಿಯಲ್ಲಿ ರಾಜ್ಯ ಮಹಿಳಾ ನಿಲಯವಿದೆ. ಹಿಂದೆ ಸ್ವಾಧಾರ ಗೃಹಗಳೆಂದು ಕರೆಯುತ್ತಿದ್ದ ಆಶ್ರಯ ಮನೆಗಳು ಈಗ ಕೇಂದ್ರದ ಮಿಷನ್ ಶಕ್ತಿಯ ಅಡಿಯಲ್ಲಿ ಶಕ್ತಿ ಸದನಗಳಾಗಿವೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳಿದ್ದಾರೆ. ನಮ್ಮ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಆ ಹೊಣೆ ಹೊತ್ತಿರುತ್ತಾರೆ. ಎಷ್ಟೇ ಆದಾಯವಿರಲಿ, ಯಾವ ಹೆಣ್ಣುಮಗಳಿಗಾದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗಬೇಕೆಂದು 1987ರ ಕಾಯ್ದೆ ಹೇಳುತ್ತದೆ. ಅದರ ಸಹಾಯವಾಣಿ 15100.

ಇಷ್ಟೆಲ್ಲ ಇದ್ದೂ ನಡುವೆ ಬಿರುಕುಗಳಿವೆ. ಸಖಿ ಕೇಂದ್ರದಲ್ಲಿ ತಂಗಲು ಅವಕಾಶ ಹೆಚ್ಚೆಂದರೆ ಐದು ದಿನ. ಆರನೆಯ ದಿನ ಎಲ್ಲಿ? ಶಕ್ತಿ ಸದನದಲ್ಲಿ ತಾಯಿಯೊಂದಿಗೆ ಮದುವೆಯಾಗದ ಹೆಣ್ಣುಮಕ್ಕಳು 18 ವರ್ಷದವರೆಗೆ ಇರಬಹುದು, ಗಂಡುಮಕ್ಕಳಿಗೆ ಮಿತಿ 12 ವರ್ಷ. ಹದಿಮೂರರ ಹುಡುಗನಿರುವ ತಾಯಿ ಏನು ಮಾಡಬೇಕು? ಅವನನ್ನು ಬೇರೆಡೆ ಬಿಟ್ಟು ತಾನು ಒಳಗೆ ಹೋಗಬೇಕೆ, ಅಥವಾ ಅವನಿಗಾಗಿ ಹೊಡೆಯುವವನ ಮನೆಗೆ ಮರಳಬೇಕೆ? ಮಗನಿಗಾಗಿ ಮರಳಿದ ತಾಯಂದಿರ ಮಕ್ಕಳಿಗೆ ನಾನು ಏಳನೆಯ ತರಗತಿಯಲ್ಲಿ ಪಾಠ ಹೇಳಿದ್ದೇನೆ. ಕೌಟುಂಬಿಕ ಹಿಂಸೆ ಕಾಯ್ದೆ ಅರ್ಜಿಯ ಮೊದಲ ವಿಚಾರಣೆ ಮೂರು ದಿನದೊಳಗೆ ಆಗಲಿ, ಅಲ್ಲಿಂದ ಅರವತ್ತು ದಿನಗಳಲ್ಲಿ ಇತ್ಯರ್ಥವಾಗಲಿ ಎನ್ನುತ್ತದೆ. ನ್ಯಾಯಾಲಯದ ಮೆಟ್ಟಿಲು ಹತ್ತಿದ ಯಾರನ್ನಾದರೂ ಕೇಳಿ, ತಾರೀಖಿನ ಮೇಲೆ ತಾರೀಖು ಬೀಳುವುದನ್ನು ಹೇಳುತ್ತಾರೆ. ಅಷ್ಟು ಕಾಲ ಅವಳು ಉಣ್ಣಬೇಕು, ಮಕ್ಕಳು ಓದಬೇಕು, ಪ್ರತಿ ತಾರೀಖಿಗೂ ಯಾರಾದರೂ ಜೊತೆಗೆ ಹೋಗಬೇಕು. ಏಕೆಂದರೆ ನ್ಯಾಯಾಲಯದ ಆವರಣದಲ್ಲಿ ಗಂಡನ ಕಡೆಯವರೆಲ್ಲ ನಿಂತಿರುತ್ತಾರೆ.

ಕಾಗದಗಳ ಪಾಡು ಬೇರೆಯೇ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನಮ್ಮ ವಾಯವ್ಯ ಸಾರಿಗೆಯ ಬಸ್ಸು ಹತ್ತಿ ಹೊರಟುಬಂದವರು ಎಷ್ಟೋ ಜನ ಇರಬೇಕು. ಆದರೆ ಆಧಾರ್ ಕಾರ್ಡು ಮತ್ತು ಬೇರೆ ಗುರುತಿನ ಚೀಟಿಗಳೆಲ್ಲ ಗಂಡನ ಮನೆಯ ಟ್ರಂಕಿನಲ್ಲಿ ಉಳಿದರೆ ಆ ಉಚಿತ ಟಿಕೆಟ್ಟೂ ಕಷ್ಟ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ಬರೆದವಳಿಗೆ ಹೋಗುತ್ತದೆ. ಕೂಡು ಕುಟುಂಬದಲ್ಲಿ ಅದು ಹೆಚ್ಚಾಗಿ ಅತ್ತೆ. ಬಿಟ್ಟು ಬಂದವಳಿಗೆ ತನ್ನದೆಂಬ ಪಡಿತರ ಚೀಟಿ ಆಗಬೇಕಾದರೆ ಮೊದಲು ವಿಳಾಸ ಬೇಕು. ವಿಳಾಸಕ್ಕೆ ಬಾಡಿಗೆ ಮನೆ ಬೇಕು. ಬಾಡಿಗೆ ಮನೆಗೆ ಮತ್ತೆ ಆಧಾರ್ ಬೇಕು. ಈ ಸುತ್ತಿನಿಂದ ಅವಳನ್ನು ಹೊರಗೆ ತರುವುದು ದಿನಗಟ್ಟಲೆ ಕಚೇರಿಗೆ ಅಲೆಯುವ ಒಬ್ಬ ಕಾರ್ಯಕರ್ತೆಯ ಕೆಲಸ. ಇಂಥ ಕೆಲಸಕ್ಕೆ ಕೊಡುವ ಹಣ ನಮ್ಮಂಥವರಿಂದಲೇ ಬರಬೇಕು.

ಧಾರವಾಡಕ್ಕೆ ಇದು ಹೊಸ ವಿಚಾರವೂ ಅಲ್ಲ. 1928ರಲ್ಲಿ ಭಾಗೀರಥಿಬಾಯಿ ಪುರಾಣಿಕರು ಇಲ್ಲಿ ವನಿತಾ ಸೇವಾ ಸಮಾಜ ಕಟ್ಟಿದಾಗ ಮನೆಯ ಮೂಲೆ ಸೇರಿದ್ದವರು ವಿಧವೆಯರು. ಅವರಿಗೆ ಅನ್ನ ಹಾಕಿ ಸುಮ್ಮನಾಗದೆ, ಓದಿಸಿ ಕಾಲ ಮೇಲೆ ನಿಲ್ಲಿಸುವ ಕಡೆಗೆ ಆ ಸಂಸ್ಥೆ ಹೊರಳಿತು. ಅಂದು ಆ ಕೆಲಸಕ್ಕೆ ಹಣ ಕೊಟ್ಟವರಿಗೆ ಊರಿನಲ್ಲಿ ಎಷ್ಟು ಮಾತು ಕೇಳಬೇಕಾಯಿತೋ. ಶಾಲೆಯ ದಿನಗಳಿಂದಲೂ ಆ ಹೆಸರು ಕೇಳುತ್ತ ಬೆಳೆದ ನನಗೆ, ಅಂಥ ಕೊಡುಗೆಯ ಒಂದು ಎಳೆಯನ್ನು ಹಿಡಿಯಬೇಕೆಂಬ ಹಂಬಲ ಹಳೆಯದು.

ಸಂಸ್ಥೆಗಳನ್ನು ನೋಡಲು ಹೊರಟಾಗ ಒಂದೆಡೆ ನನಗೆ ಭರ್ಜರಿ ಸ್ವಾಗತ ಸಿಕ್ಕಿತು. ಚಹಾ, ಶಾಲು, ಗೋಡೆ ತುಂಬ ಫೋಟೋಗಳು. ದಾನಿಗಳ ಮಕ್ಕಳ ಹುಟ್ಟುಹಬ್ಬ ಅಲ್ಲೇ ಆಚರಿಸುತ್ತಾರೆ. ಕೇಕು ಕತ್ತರಿಸುವವರ ಹಿಂದೆ ಸಾಲಾಗಿ ನಿಂತ ಹೆಣ್ಣುಮಕ್ಕಳು, ಅವರ ಕೈಯಲ್ಲಿ ಹೊಸ ಸೀರೆಯ ಪ್ಯಾಕೆಟ್ಟು. ಎಲ್ಲರ ಮುಖವೂ ಸ್ಪಷ್ಟವಾಗಿತ್ತು. ಒಬ್ಬಳನ್ನು ಕರೆದು, "ನಿನ್ನ ಕಥೆ ಹೇಳು, ಅಕ್ಕೋರು ಕೇಳಲಿ" ಎಂದರು. ಅವಳು ಹೇಳಿದಳು. ಎಲ್ಲಿ ನಿಲ್ಲಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. ಎಷ್ಟು ಜನರ ಮುಂದೆ ಹೇಳಿಸಿದ್ದಾರೋ ಎಂದು ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಕೊಡುವವರ ಮನ ಕರಗಬೇಕೆಂದು ಅವಳು ತನ್ನ ಪೆಟ್ಟನ್ನು ಮತ್ತೆ ಮತ್ತೆ ತಿನ್ನಬೇಕೇ?

ನಡೆಸುವವರ ಮನಸ್ಸು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ದಾನಿಗಳು ಫೋಟೋ ಕೇಳುತ್ತಾರೆ, ಅವರು ಕೊಡುತ್ತಾರೆ. ಆದರೆ ಒಂದು ವಾಟ್ಸಾಪ್ ಸ್ಟೇಟಸ್ಸು ಹುಬ್ಬಳ್ಳಿಯಿಂದ ರಾಣೆಬೆನ್ನೂರಿಗೆ ಹೋಗಲು ಕ್ಷಣ ಸಾಕು, ಅದನ್ನು ನೋಡಿದ ದಾಯಾದಿಯೊಬ್ಬ ಗಂಡನಿಗೆ ತೋರಿಸಲು ಇನ್ನೊಂದು ಕ್ಷಣ. ಕಾನೂನು ಕೂಡ ಇಲ್ಲಿ ಸುಮ್ಮನಿಲ್ಲ. ರಕ್ಷಣೆಗೆ ಬಂದ ಮಗುವಿನ ಗುರುತು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೆಯ ಕಲಂ ತಡೆಯುತ್ತದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೆಯ ಕಲಮಿನಡಿ ಅಪರಾಧ.

ಇನ್ನೊಂದು ಸಂಸ್ಥೆಯ ಕಚೇರಿ ಮಾಳಿಗೆಯ ಮೇಲಿನ ಎರಡು ಕೋಣೆ. ಮೇಜಿನ ಹಿಂದಿದ್ದವರು ನನಗಿಂತ ಚಿಕ್ಕ ವಯಸ್ಸಿನವರು. ನಾನು ಬಂದ ಕೆಲಸ ಹೇಳಿ, ಹೆಣ್ಣುಮಕ್ಕಳು ಇರುವ ಮನೆಯನ್ನು ಒಮ್ಮೆ ನೋಡಬಹುದೇ ಎಂದು ಕೇಳಿದೆ. ಅವರು ನಕ್ಕು, "ಅಕ್ಕೋರೇ, ಲೆಕ್ಕದ ಪುಸ್ತಕ ಎಷ್ಟು ಹೊತ್ತು ಬೇಕಾದರೂ ನೋಡಿರಿ. ಮನೆ ಮಾತ್ರ ತೋರಿಸಲಾಗುವುದಿಲ್ಲ. ನಮ್ಮ ಸಮಿತಿಯಲ್ಲಿಯೂ ಎಲ್ಲರಿಗೆ ಅದರ ವಿಳಾಸ ಗೊತ್ತಿಲ್ಲ" ಎಂದರು. ಆಮೇಲೆ ಮೂರು ವರ್ಷದ ಲೆಕ್ಕಪರಿಶೋಧನೆಯ ವರದಿಗಳನ್ನು ನನ್ನ ಮುಂದಿಟ್ಟು ತಮ್ಮ ಕೆಲಸಕ್ಕೆ ಎದ್ದು ಹೋದರು.

ಆ ಕೋಣೆಯಲ್ಲಿ ಒಬ್ಬಳೇ ಕುಳಿತು ಪುಟ ತಿರುಗಿಸುತ್ತಿದ್ದಾಗ ನನ್ನ ಪ್ರಶ್ನೆಗೆ ಉತ್ತರ ಸಿಗತೊಡಗಿತು. ಈ ಕೆಲಸದಲ್ಲಿರುವ ಸಂಸ್ಥೆ ಎರಡು ಬಾಗಿಲುಗಳನ್ನು ಕಾಯಬೇಕು. ಹಣದ ಬಾಗಿಲು ಯಾರು ಬಂದರೂ ತೆರೆಯಬೇಕು. ಹೆಣ್ಣುಮಕ್ಕಳ ಬಾಗಿಲು ಹಣ ಕೊಡುವವರು ತಟ್ಟಿದರೂ ತೆರೆಯಬಾರದು. ಮೊದಲನೆಯ ಕಡೆ ನಾನು ಕಂಡದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಹೆಣ್ಣುಮಗಳ ಕಥೆ ಕೇಳದೆಯೇ ಸಿಕ್ಕಿತು. ಲೆಕ್ಕ ಕೇಳಿದಾಗ ಆಡಿಟರು ಊರಲ್ಲಿಲ್ಲ ಎಂಬ ಉತ್ತರ ಬಂತು.

ಲೆಕ್ಕ ನೋಡುವುದು ದೊಡ್ಡ ವಿದ್ಯೆಯೇನೂ ಅಲ್ಲ. ಸಂಸ್ಥೆ ಸೊಸೈಟಿಯೋ ಟ್ರಸ್ಟೋ ಆಗಿ ನೋಂದಣಿಯಾಗಿದೆಯೇ, ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ಅದರ ಹೆಸರು ಸಿಗುತ್ತದೆಯೇ, ಆದಾಯ ತೆರಿಗೆ ಇಲಾಖೆಯಲ್ಲಿ ಅದರ ನೋಂದಣಿ ಮತ್ತು ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ, 80ಜಿ ಎಂದೇ ರೂಢಿಯಾದ ಅನುಮೋದನೆ ಚಾಲ್ತಿಯಲ್ಲಿವೆಯೇ, ಇವನ್ನು ನೋಡಲು ಅರ್ಧ ದಿನ ಸಾಕು. 80ಜಿ ಇರುವ ಇಂಥ ಸಂಸ್ಥೆಗೆ ಕೊಟ್ಟರೆ ಸಾಮಾನ್ಯವಾಗಿ ಕೊಟ್ಟದ್ದರ ಅರ್ಧಕ್ಕೆ ವಿನಾಯಿತಿ ಸಿಗುತ್ತದೆ, ಅದಕ್ಕೂ ಆದಾಯಕ್ಕೆ ತಕ್ಕ ಮಿತಿ ಇದೆ. ಎರಡು ಸಾವಿರ ರೂಪಾಯಿ ಮೀರಿದ್ದನ್ನು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಇಲ್ಲವೇ ಇಲ್ಲ. ನನ್ನ ಪಿಂಚಣಿಗೆ ಇದರಿಂದ ದೊಡ್ಡ ವ್ಯತ್ಯಾಸವೇನಿಲ್ಲ. ಆದರೂ ರಸೀತಿ ಕೇಳಿ. ಚೆಕ್ಕನ್ನೋ ಯುಪಿಐಯನ್ನೋ ಬಿಟ್ಟು ನಗದೇ ಬೇಕು ಎನ್ನುವ ಕಡೆ ಕೊಡಬೇಡಿ.

ಲೆಕ್ಕದಲ್ಲಿ ಏನು ನೋಡಬೇಕು ಎಂಬಲ್ಲಿ ಮಾತ್ರ ನನ್ನ ಅಭಿಪ್ರಾಯ ಹಲವರಿಗೆ ಒಪ್ಪಿಗೆಯಾಗುವುದಿಲ್ಲ. ನಿವೃತ್ತ ಬ್ಯಾಂಕ್ ಅಧಿಕಾರಿಯಾದ ನೆರೆಮನೆಯವರು ಆ ವರದಿಯ ನಕಲು ನೋಡಿ, "ಖರ್ಚಿನ ಬಹುಪಾಲು ಸಂಬಳಕ್ಕೇ ಹೋಗಿದೆಯಲ್ಲ!" ಎಂದು ಹುಬ್ಬೇರಿಸಿದರು. ಶಾಲೆಯ ಖರ್ಚಿನಲ್ಲಿ ಬಹುಪಾಲು ಶಿಕ್ಷಕರ ಸಂಬಳವೇ ಆಗಿರುತ್ತದೆ. ಅದನ್ನು ಯಾರೂ ಪೋಲು ಎನ್ನುವುದಿಲ್ಲ. ರಾತ್ರಿ ಎರಡು ಗಂಟೆಗೆ ಫೋನು ಎತ್ತುವವಳು, ಜಿಲ್ಲಾ ಆಸ್ಪತ್ರೆಯಲ್ಲಿ ಗಾಯದ ಪ್ರಮಾಣಪತ್ರ ಬರೆಸುವ ತನಕ ಪಕ್ಕದಲ್ಲಿ ನಿಲ್ಲುವವಳು, ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಗುವ ತನಕ ಕುರ್ಚಿ ಬಿಟ್ಟು ಏಳದವಳು, ಆ ಹೆಣ್ಣುಮಗಳೇ ಈ ಸಂಸ್ಥೆಯ ಕೆಲಸ. ಅವಳಿಗೂ ಮನೆ ಬಾಡಿಗೆ ಇದೆ. ಪ್ರತಿ ರೂಪಾಯಿಯೂ ನೇರ ಫಲಾನುಭವಿಗೇ ಎಂದು ಹೇಳಿಕೊಳ್ಳುವ ಸಂಸ್ಥೆ ಈ ಸಂಬಳವನ್ನು ಎಲ್ಲಿಂದ ಕೊಡುತ್ತದೆ, ಅಥವಾ ಕೊಡುತ್ತದೆಯೇ ಎಂದು ನಾನು ಕೇಳುತ್ತೇನೆ. ಸರಕಾರದ ಅನುದಾನ ತಡವಾಗಿ ಬರುತ್ತದೆ ಎಂಬುದು ಈ ಕ್ಷೇತ್ರದವರೆಲ್ಲ ಹೇಳುವ ಮಾತು. ಆ ತಿಂಗಳುಗಳಲ್ಲಿ ಮೊದಲು ನಿಲ್ಲುವುದು ಆಪ್ತಸಮಾಲೋಚಕಿಯ ಸಂಬಳ. ಅವಳು ಬೇರೆ ಕೆಲಸ ಹುಡುಕಿಕೊಂಡು ಹೋದರೆ, ಅವಳೊಬ್ಬಳನ್ನೇ ನಂಬಿ ಬಾಯಿಬಿಟ್ಟಿದ್ದ ಹೆಣ್ಣುಮಕ್ಕಳು ಮತ್ತೆ ಮೊದಲಿನಿಂದ ಹೇಳಬೇಕು.

ಅದಕ್ಕಾಗಿಯೇ ನಮ್ಮ ಹಣಕ್ಕೆ ಇದಕ್ಕೇ ಬಳಸಿ ಎಂಬ ಷರತ್ತು ಹಾಕಲಿಲ್ಲ. ಸೀರೆ, ಅಕ್ಕಿ, ಕಂಬಳಿ ಕೊಡುವವರು ಸಾಕಷ್ಟಿದ್ದಾರೆ. ಒಳ ಉಡುಪು, ಸ್ಯಾನಿಟರಿ ಪ್ಯಾಡು, ಮೊಬೈಲ್ ರೀಚಾರ್ಜು, ಝೆರಾಕ್ಸ್, ರಾತ್ರಿಯ ರಿಕ್ಷಾ ಬಾಡಿಗೆ, ಮಗುವಿನ ಕನ್ನಡಕ, ಇಂಥವುಗಳ ಸ್ಮರಣಾರ್ಥ ಯಾರೂ ಹೆಸರು ಬರೆಸುವುದಿಲ್ಲ.

ಲೆಕ್ಕ ಮುಗಿದ ಮೇಲೆ ನಾನು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಹೇಳಬೇಕು. ಒಂದು: ಒಳಗಿರುವವಳು ತಾನಾಗಿ ಹೊರಗೆ ಹೋಗಬಹುದೇ? ಪ್ರಾಯಕ್ಕೆ ಬಂದ ಹೆಣ್ಣುಮಗಳು ಆಸರೆ ಬೇಡಿ ಬಂದಿದ್ದಾಳೆ, ಶಿಕ್ಷೆ ಅನುಭವಿಸಲು ಬಂದಿಲ್ಲ. ಗೇಟಿಗೆ ಬೀಗ, ಮೊಬೈಲು ಕಸಿದು ಕಪಾಟಿನಲ್ಲಿ, ಊದುಬತ್ತಿ ಹೊಸೆಯುವ ಕೆಲಸಕ್ಕೆ ಕೂಲಿ ಇಲ್ಲ, ಯಾವ ಪ್ರಾರ್ಥನೆ ಮಾಡಬೇಕೆಂಬುದೂ ಅವರದೇ ನಿರ್ಧಾರ ಎಂದಾದರೆ ಅವಳು ಒಬ್ಬ ಯಜಮಾನನನ್ನು ಬಿಟ್ಟು ಇನ್ನೊಬ್ಬನ ಕೈಗೆ ಬಂದಂತೆ. ಮಾಳಿಗೆಯ ಕಚೇರಿಯವರು ಇದಕ್ಕೆ ಕೊಟ್ಟ ಉತ್ತರ ನನಗೆ ಹಿಡಿಸಿತು. ಸುರಕ್ಷತೆಗಾಗಿ ಮೊದಲ ಕೆಲವು ದಿನ ಫೋನಿನ ಲೊಕೇಶನ್ ಬಂದ್ ಮಾಡಿಸುತ್ತಾರೆ, ಏಕೆಂದು ವಿವರಿಸಿ ಹೇಳುತ್ತಾರೆ. ಫೋನು ಅವಳ ಹತ್ತಿರವೇ ಇರುತ್ತದೆ. ಗಂಡನ ಮನೆಗೆ ಮರಳುತ್ತೇನೆ ಎಂದವರನ್ನು ತಡೆಯುವುದಿಲ್ಲ. ಮರಳಿದವಳು ಮತ್ತೆ ಬಂದರೆ, ಏಕೆ ಹೋದೆ ಎಂದು ಕೇಳುವುದೂ ಇಲ್ಲ.

ಇನ್ನೊಂದು ಪ್ರಶ್ನೆ ರಾಜಿಯದು. ಹಲವು ವಾರ್ಷಿಕ ವರದಿಗಳಲ್ಲಿ ಇಷ್ಟು ಸಂಸಾರಗಳನ್ನು ಒಂದುಗೂಡಿಸಿದೆವು ಎಂಬ ಸಾಲನ್ನು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ನಮ್ಮ ಮಂದಿಗೆ ಅದು ಪುಣ್ಯದ ಲೆಕ್ಕವಾಗಿ ಕಾಣುತ್ತದೆ. ನಾನು ಕೇಳುವುದು: ಒಂದಾಗಬೇಕೆಂದು ಹೇಳಿದವರು ಯಾರು? ಅವಳೋ, ಅವಳ ಅಣ್ಣನೋ, ಓಣಿಯ ಹಿರಿಯರೋ? ಒಂದಾದ ಮೇಲೆ ಆರು ತಿಂಗಳಿಗೆ ಯಾರಾದರೂ ಹೋಗಿ ನೋಡಿದಿರಾ? ಕೌಟುಂಬಿಕ ಹಿಂಸೆ ಕಾಯ್ದೆಯ 2006ರ ನಿಯಮಗಳು ಇಲ್ಲಿ ತುಂಬ ಸ್ಪಷ್ಟವಾಗಿವೆ. ನ್ಯಾಯಾಲಯ ಸೂಚಿಸಿದ ಆಪ್ತಸಮಾಲೋಚನೆಯಲ್ಲಿ ಹೊಡೆದವನು ತಾನು ಹೊಡೆದದ್ದಕ್ಕೆ ಸಮರ್ಥನೆ ಹೇಳುವಂತಿಲ್ಲ. ಅಡುಗೆ ತಡವಾಯಿತು, ಎದುರುತ್ತರ ಕೊಟ್ಟಳು, ಇವು ಯಾವುವೂ ಅಲ್ಲಿ ವಾದವಾಗಲಾರವು. ನಮ್ಮ ಪಂಚಾಯಿತಿ ಕಟ್ಟೆಗಳಲ್ಲಿ ಮಾತು ಶುರುವಾಗುವುದೇ ಅಲ್ಲಿಂದ. ಸಂಸ್ಥೆ ಕೂಡ ಅಲ್ಲಿಂದಲೇ ಶುರು ಮಾಡಿದರೆ ಕಟ್ಟೆಗೂ ಅದಕ್ಕೂ ಏನು ವ್ಯತ್ಯಾಸ? ರಾಜಿಯೇ ಬೇಡವೆಂದು ನಾನು ಹಟ ಹಿಡಿಯುವವಳಲ್ಲ. ತನ್ನ ಮನೆಯಲ್ಲಿಯೇ ಹೆದರಿಕೆ ಇಲ್ಲದೆ ಇರಬೇಕೆಂಬುದು ಎಷ್ಟೋ ಜನರ ಆಸೆ, ಮತ್ತು ಗಂಡನೊಂದಿಗೆ ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದೇ ಕಾಯ್ದೆ 17ನೆಯ ಕಲಮಿನಲ್ಲಿ ಕೊಟ್ಟಿದೆ. ಆ ಹಕ್ಕು ತನಗಿದೆ ಎಂದು ತಿಳಿದ ಮೇಲೆ ಅವಳು ಮಾಡಿಕೊಳ್ಳುವ ರಾಜಿ ಬೇರೆ. ಹೋಗಲು ಬೇರೆ ಜಾಗವಿಲ್ಲದೆ ಒಪ್ಪಿದ್ದು ಬೇರೆ.

ಹೊಲಿಗೆ ಯಂತ್ರದ ಬಗ್ಗೆ ಒಂದು ಮಾತು. ಸಂಕಷ್ಟದ ಹೆಣ್ಣುಮಗಳೆಂದರೆ ಹೊಲಿಗೆ ಕಲಿಸುವುದು ಎಂದು ಎಲ್ಲರೂ ತೀರ್ಮಾನಿಸಿಬಿಟ್ಟಿದ್ದಾರೆ. ಒಂದೇ ಓಣಿಯಲ್ಲಿ ಬ್ಲೌಸು ಹೊಲಿಯುವವರು ಎಷ್ಟು ಜನ ಬದುಕಿಯಾರು? ಕಸೂತಿಯಲ್ಲಿ ಕಣ್ಣು ಸವೆಸಿದಷ್ಟು ಕೂಲಿ ಹುಟ್ಟುವುದಿಲ್ಲ. ಸೀರೆಯ ಬೆಲೆ ಅಂಗಡಿಯಲ್ಲಿ ಏರುತ್ತದೆ, ಎಳೆ ಎಳೆ ಎಣಿಸಿ ಹಾಕಿದವಳ ಕೈಗೆ ಅದು ಬರುವುದಿಲ್ಲ. ನಮ್ಮ ಭಾಗದಲ್ಲಿ ಒಂಟಿ ಹೆಂಗಸರು ನಿಜವಾಗಿ ಮನೆ ನಡೆಸುತ್ತಿರುವುದು ರೊಟ್ಟಿ ಕೇಂದ್ರಗಳಲ್ಲಿ, ಖಾನಾವಳಿಗಳಲ್ಲಿ. ಕಟಿರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಹಿಂಡಿಗೆ ಬೆಂಗಳೂರು, ಪುಣೆಯವರೆಗೆ ಗಿರಾಕಿಗಳಿದ್ದಾರೆ. ಸಂಸ್ಥೆ ಯಾವ ತರಬೇತಿ ಕೊಟ್ಟಿತು ಎಂಬುದಕ್ಕಿಂತ, ಹೊರಬಿದ್ದವರು ಈಗ ತಿಂಗಳಿಗೆ ಎಷ್ಟು ಗಳಿಸುತ್ತಿದ್ದಾರೆ ಎಂದು ಕೇಳಿ. ಗೊತ್ತಿದ್ದವರು ಹೇಳುತ್ತಾರೆ.

ಇಷ್ಟು ಬರೆದರೂ ನಾವು ಆರಿಸಿಕೊಂಡ ಸಂಸ್ಥೆಯ ಹೆಸರನ್ನು ಇಲ್ಲಿ ಹಾಕುವುದಿಲ್ಲ. ನನ್ನ ಹೆಸರು, ಊರು, ಓಡಾಟ ಬಲ್ಲವರಿಗೆ ಆ ಕಚೇರಿಯ ದಾರಿ ಹಿಡಿಯುವುದು ಸುಲಭ. ನಿಮ್ಮೂರಿನಲ್ಲಿಯೂ ಇಂಥದ್ದೊಂದು ಇದ್ದೀತು. ಸಖಿ ಕೇಂದ್ರದವರನ್ನೋ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನೋ ಕೇಳಿ: ನಡುರಾತ್ರಿ ಒಬ್ಬಳನ್ನು ಎಲ್ಲಿಗೆ ಕಳಿಸುತ್ತೀರಿ, ಯಾರು ಫೋನು ಎತ್ತುತ್ತಾರೆ? ನಾನು ಹುಡುಕಿದ ದಾರಿಯೂ ಅದೇ.

ಅಕ್ಕ ಕಡೆಗೆ ಒಪ್ಪಿದಳು, ಪೂರ್ತಿಯಾಗಿ ಅಲ್ಲ. ಬಡ್ಡಿಯಲ್ಲಿ ಅರ್ಧ ಪುಣ್ಯಾಶ್ರಮದ ದಾಸೋಹಕ್ಕೆ, ಅರ್ಧ ಈ ಸಂಸ್ಥೆಗೆ. ಅವ್ವ ಇದ್ದಿದ್ದರೆ ಅವಳೂ ಹಾಗೆಯೇ ಹಂಚುತ್ತಿದ್ದಳು ಎಂದು ಅಕ್ಕ ವಾದಿಸಿದಳು. ನನಗೆ ಎದುರಾಡಲು ಏನೂ ಇರಲಿಲ್ಲ. ರಸೀತಿ ಅವ್ವನ ಹೆಸರಿನಲ್ಲಿ ಬಂತು.

ರಸೀತಿ ಕೊಡುವಾಗ ಆ ಕಚೇರಿಯವರು ಹೇಳಿದ ಒಂದು ಮಾತಿಗಾಗಿಯೇ ನಾನು ಇದನ್ನು ಬರೆಯಲು ಕುಳಿತದ್ದು. ಆಶ್ರಯ ಮನೆಯಿಂದ ಹೊರಬರಲು ಸಿದ್ಧವಾದವರಿಗೆ ಡಿಪಾಜಿಟ್ ಹಣವನ್ನು ಹೇಗೋ ಹೊಂದಿಸುತ್ತಾರಂತೆ. ಆದರೆ ಬಾಡಿಗೆಗೆ ಮನೆಯೇ ಸಿಗುವುದಿಲ್ಲ. ಗಂಡ ಎಲ್ಲಿ ಎಂದು ಮೊದಲು ಕೇಳುತ್ತಾರೆ, ಆಮೇಲೆ ಜಾತಿ, ಆಮೇಲೆ ರಾತ್ರಿ ಪಾಳಿಯ ಕೆಲಸವೇ ಎಂದು. ದಾನದ ಬಗ್ಗೆ ಓದುತ್ತ ಇಲ್ಲಿಯವರೆಗೆ ಬಂದವರಲ್ಲಿ ಮಾಳಿಗೆಯ ಮೇಲೆ ಒಂದು ಕೋಣೆ, ಹಿತ್ತಲಿನಲ್ಲಿ ಒಂದು ಚಿಕ್ಕ ಮನೆ ಖಾಲಿ ಇಟ್ಟುಕೊಂಡವರು ಇರಬಹುದು. ಬಾಡಿಗೆ ಮಾಫಿ ಮಾಡಬೇಕಿಲ್ಲ, ಅವರು ಕೊಡುತ್ತಾರೆ. ಕರಾರು ಪತ್ರ ಅವಳ ಹೆಸರಿನಲ್ಲಿ ಮಾಡಿಕೊಡಿ. ಆಧಾರ್ ವಿಳಾಸ ಬದಲಾವಣೆಗೆ, ಪಡಿತರ ಚೀಟಿಗೆ, ಮಗುವಿನ ಶಾಲೆಗೆ ಅವಳಿಗೆ ಅದೇ ಬೇಕು. ಯಾರಾದರೂ ಬಂದು ಅವಳು ಇಲ್ಲಿದ್ದಾಳೆಯೇ ಎಂದು ಕೇಳಿದರೆ ಏನು ಹೇಳಬೇಕು ಎಂಬುದನ್ನು ಮನೆಯವರೆಲ್ಲ ಮೊದಲೇ ಮಾತಾಡಿಕೊಂಡಿರಿ.